‘ಎಲ್ಲ ಹಕ್ಕು’ ಅಂದರೆ ಎಷ್ಟು ಹಕ್ಕು?

ಪ್ರಶ್ನೆ: ಮೇಡಂ, ನಾನು ಹಾವೇರಿ ಜಿಲ್ಲೆಯ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಶಿಕ್ಷಕಿ. ಕೆಲವು ವರ್ಷಗಳಿಂದ ಕತೆ ಬರೆಯುತ್ತಿದ್ದೇನೆ. ಹೆಚ್ಚಿನವು ನೋಟ್‌ಬುಕ್ಕಿನಲ್ಲೇ ಉಳಿದಿವೆ. ಈಗ ಮೊದಲ ಸಲ ಒಂದು ಪತ್ರಿಕೆಯವರು ‘ನಿಮ್ಮ ಕತೆ ಆಯ್ಕೆಯಾಗಿದೆ’ ಎಂದು ಮೇಲ್ ಮಾಡಿದ್ದಾರೆ. ಜೊತೆಗೆ ಒಂದು ದೃಢೀಕರಣ ಪತ್ರ ಕಳಿಸಿ, ಸಹಿ ಹಾಕಿ ಸ್ಕ್ಯಾನ್ ಮಾಡಿ ಕಳಿಸಲು ಹೇಳಿದ್ದಾರೆ. ಅದರಲ್ಲಿ ಹೀಗಿದೆ: ‘ಇದು ನನ್ನ ಸ್ವಂತ ರಚನೆ. ಅನುವಾದ, ಅನುಕರಣೆ ಅಲ್ಲ. ಎಲ್ಲಿಯೂ ಪ್ರಕಟವಾಗಿಲ್ಲ, ಬೇರೆಡೆ ಪರಿಶೀಲನೆಯಲ್ಲಿಲ್ಲ. ಇದರ ಎಲ್ಲ ಹಕ್ಕುಗಳನ್ನು ಪತ್ರಿಕೆಗೆ ಬಿಟ್ಟುಕೊಟ್ಟಿದ್ದೇನೆ. ಮುಂದೆ ಯಾವುದೇ ತಕರಾರು ಬಂದರೆ ನಾನೇ ಹೊಣೆ.’

ಓದಿ ಖುಷಿಯೆಲ್ಲ ಇಳಿದುಹೋಯಿತು. ಇದೇ ಕತೆಯನ್ನು ಆರು ತಿಂಗಳ ಹಿಂದೆ ಒಂದು ಕಥಾಸ್ಪರ್ಧೆಗೂ ಕಳಿಸಿದ್ದೆ, ಫಲಿತಾಂಶ ಬಂದಿಲ್ಲ. ಮೊದಲ ಎರಡು ಪ್ಯಾರಾ ಫೇಸ್‌ಬುಕ್ಕಿನಲ್ಲಿ ಹಾಕಿದ್ದೆ. ಬೆಂಗಳೂರಿನಲ್ಲಿರುವ ಗೆಳತಿ ಒಬ್ಬಳು ಇದನ್ನು ಇಂಗ್ಲಿಷಿಗೆ ಮಾಡಿ ಅಮೆರಿಕದ ಪತ್ರಿಕೆಯೊಂದಕ್ಕೆ ಕಳಿಸುತ್ತೇನೆ ಅನ್ನುತ್ತಿದ್ದಾಳೆ. ಆ ಪತ್ರಿಕೆಯ ನಿಯಮಗಳನ್ನು ಕಳಿಸಿದ್ದಾಳೆ. ‘ಸೈಮಲ್ಟೇನಿಯಸ್ ಸಬ್‌ಮಿಷನ್’, ‘ಫಸ್ಟ್ ನಾರ್ತ್ ಅಮೆರಿಕನ್ ಸೀರಿಯಲ್ ರೈಟ್ಸ್’, ‘ರೀಪ್ರಿಂಟ್’ ಎಂದೆಲ್ಲ ಇದೆ, ಮೂರು ಡಾಲರ್ ಶುಲ್ಕವೂ ಇದೆ. ಇಲ್ಲಿಯ ಸಂಪಾದಕರು ‘ಭಾಷೆ ಸ್ವಲ್ಪ ತಿದ್ದಿಕೊಳ್ಳುತ್ತೇವೆ’ ಎಂದೂ ಬರೆದಿದ್ದಾರೆ. ನನ್ನ ಪಾತ್ರಗಳೆಲ್ಲ ನಮ್ಮ ಕಡೆಯ ಮಾತು ಆಡುವವು.

ನಮ್ಮ ಮನೆಯವರು ‘ಸಹಿ ಹಾಕಿ ಕಳಿಸು, ಒಂದು ಕತಿಗಾಗಿ ಯಾರು ಕೋರ್ಟಿಗೆ ಹೋಗ್ತಾರ?’ ಅನ್ನುತ್ತಾರೆ. ಸಂಪಾದಕರನ್ನು ಕೇಳೋಣವೆಂದರೆ ಮೊದಲ ಕತೆಗೇ ಇಷ್ಟು ಜಂಬವೇ ಅಂದುಕೊಂಡಾರೆಂದು ಹಿಂಜರಿಕೆ. ಏನು ಮಾಡಲಿ?

— ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ಅಭಿನಂದನೆಗಳು. ಇಳಿದುಹೋದ ಖುಷಿಯನ್ನು ಮೊದಲು ವಾಪಸು ತಂದುಕೊಳ್ಳಿ. ಆ ಪತ್ರದಲ್ಲಿ ನೀವು ನಿಜವಾಗಿ ತಡೆದು ಓದಬೇಕಾದ ಸಾಲು ಒಂದೇ, ‘ಎಲ್ಲ ಹಕ್ಕುಗಳು’ ಎಂಬುದು. ಮಿಕ್ಕವು ಪತ್ರಿಕೆಗಳು ಬಹುಕಾಲದಿಂದ ಕೇಳುತ್ತ ಬಂದ ಮಾಮೂಲು ಮಾತುಗಳು. ಆದರೆ ಈ ವಾರದ ತುರ್ತು ಕೆಲಸ ಆ ಸಾಲಿನದೂ ಅಲ್ಲ, ಸ್ಪರ್ಧೆಯದು. ‘ಬೇರೆಡೆ ಪರಿಶೀಲನೆಯಲ್ಲಿಲ್ಲ’ ಎಂಬ ವಾಕ್ಯಕ್ಕೆ ನೀವು ಇವತ್ತು ಸಹಿ ಹಾಕಿದರೆ ಅದು ಸುಳ್ಳಾಗುತ್ತದೆ. ಕತೆ ಎರಡು ಕಡೆ ಇದೆ. ಮೊದಲು ಒಂದು ಕಡೆಯಿಂದ ತೆಗೆಯಿರಿ.

ಒಂದೇ ಬರಹವನ್ನು ಏಕಕಾಲಕ್ಕೆ ಎರಡು ಕಡೆ ಕಳಿಸಬಾರದು ಎಂಬುದನ್ನು ಕನ್ನಡ ಪತ್ರಿಕೆಗಳು ಇಷ್ಟು ಕಟ್ಟುನಿಟ್ಟಾಗಿ ಹೇಳುವುದೇಕೆ? ಹೊಸಬರು ಇದನ್ನು ಸಂಪಾದಕರ ದರ್ಪ ಎಂದುಕೊಳ್ಳುತ್ತಾರೆ. ಪತ್ರಿಕೆಯ ಡೆಸ್ಕಿನಲ್ಲಿ ಕೂತು ನೋಡಿದರೆ ಬೇರೆಯೇ ಕಾಣುತ್ತದೆ. ಕತೆ ಆಯ್ಕೆಯಾದ ಮೇಲೆ ಕಲಾವಿದರಿಗೆ ಹೋಗಿ ಚಿತ್ರ ಬರೆಸಬೇಕು, ಪುಟ ಕಟ್ಟಬೇಕು, ಕರಡು ತಿದ್ದಬೇಕು. ದೀಪಾವಳಿ, ಯುಗಾದಿ ವಿಶೇಷಾಂಕಗಳ ಪುಟಗಳಂತೂ ಹಬ್ಬಕ್ಕೆ ಬಹಳ ಮುಂಚೆಯೇ ನಿಗದಿಯಾಗಿರುತ್ತವೆ. ಅಷ್ಟೆಲ್ಲ ಆದಮೇಲೆ ಅದೇ ಕತೆ ಇನ್ನೊಂದು ಪತ್ರಿಕೆಯಲ್ಲಿ ಬಂದರೆ ಓದುಗರ ಪತ್ರಗಳು ಬರುವುದು ಕತೆಗಾರರಿಗಲ್ಲ, ಸಂಪಾದಕರಿಗೆ. ಹಾಗೆ ಮಾಡಿದ ಹೆಸರನ್ನು ಡೆಸ್ಕು ಸುಲಭಕ್ಕೆ ಮರೆಯುವುದಿಲ್ಲ. ನಿಯಮದ ಹಿಂದಿರುವುದು ಕೆಲಸದ ಲೆಕ್ಕ ಅಷ್ಟೆ.

ಹಾಗಂತ ತಪ್ಪೆಲ್ಲ ನಿಮ್ಮದೇ ಎಂದು ನಾನು ಹೇಳುವುದಿಲ್ಲ. ಅಂಚೆಚೀಟಿ ಹಚ್ಚಿದ ಸ್ವವಿಳಾಸದ ಲಕೋಟೆ ಇಟ್ಟು ಕಳಿಸುತ್ತಿದ್ದ ಕಾಲದಲ್ಲಿ ಕೊನೇಪಕ್ಷ ವಿಷಾದಪತ್ರವಾದರೂ ಮನೆಗೆ ಬರುತ್ತಿತ್ತು. ಈಗ ಮೇಲ್ ಕಳಿಸಿದರೆ ಎಷ್ಟೋ ಕಡೆ ‘ತಲುಪಿದೆ’ ಎಂಬ ಒಂದು ಪದವೂ ಬಾರದು. ಉತ್ತರ ಕೊಡದೆ ಬರಹಗಾರರನ್ನು ಕಟ್ಟಿಹಾಕುವುದು ನ್ಯಾಯವಲ್ಲ. ಆದ್ದರಿಂದ ಮುಂದಿನ ಸಲ ಕಳಿಸುವ ಪತ್ರದಲ್ಲೇ ಒಂದು ಗಡುವು ಬರೆಯಿರಿ: ‘ಮೂರು ತಿಂಗಳೊಳಗೆ ತಮ್ಮ ಉತ್ತರ ಬಾರದಿದ್ದರೆ ಕತೆಯನ್ನು ಬೇರೆಡೆ ಕಳಿಸಿಕೊಳ್ಳುತ್ತೇನೆ.’ ವಿನಯವಾಗಿ ಬರೆದ ಈ ವಾಕ್ಯಕ್ಕೆ ಯಾರೂ ಕೋಪಿಸಿಕೊಳ್ಳುವುದಿಲ್ಲ. ಗಡುವು ಮುಗಿದ ಮೇಲೆ ‘ವಾಪಸು ಪಡೆದಿದ್ದೇನೆ’ ಎಂದು ಒಂದು ಸಾಲು ಕಳಿಸಿ, ಆಮೇಲೆ ಬೇರೆ ಕಡೆ ಕೊಡಿ. ಸ್ಪರ್ಧೆಗಾದರೆ ಫಲಿತಾಂಶದ ತನಕ ಕಾಯಬೇಕೆಂಬ ಷರತ್ತು ಇರುತ್ತದೆ. ಕಾಯಲಾಗದಿದ್ದರೆ ಫಲಿತಾಂಶಕ್ಕೆ ಮುಂಚೆಯೇ ಹಿಂದೆಗೆದುಕೊಳ್ಳಬೇಕು. ಬಹುಮಾನ ಪ್ರಕಟವಾದ ಮೇಲೆ ಹಿಂದೆಗೆಯುವುದು ಎಲ್ಲರಿಗೂ ಮುಜುಗರ.

ಹಾಗಾದರೆ ಯಾವುದನ್ನು ಬಿಡಬೇಕು? ಸ್ಪರ್ಧೆಯಲ್ಲಿ ಬಹುಮಾನ ಬಂದರೆ ದುಡ್ಡು ಹೆಚ್ಚು, ಹೆಸರೂ ಹೆಚ್ಚು. ಆದರೆ ಅದು ‘ಬಂದರೆ’. ಇಲ್ಲಿ ಒಬ್ಬ ಸಂಪಾದಕರು ಕತೆ ಓದಿ, ಬೇಕು ಎಂದು ಬರೆದಿದ್ದಾರೆ. ನನ್ನ ಕೇಳಿದರೆ ಸ್ಪರ್ಧೆಯಿಂದ ತೆಗೆಯಿರಿ. ಅವರಿಗೆ ಹೀಗೆ ಬರೆದರೆ ಸಾಕು: ‘ಇಂಥ ದಿನಾಂಕದಂದು ಕಳಿಸಿದ ಇಂಥ ಶೀರ್ಷಿಕೆಯ ಕತೆಯನ್ನು ದಯವಿಟ್ಟು ಸ್ಪರ್ಧೆಗೆ ಪರಿಗಣಿಸಬಾರದು, ಹಿಂಪಡೆಯುತ್ತಿದ್ದೇನೆ.’ ಕಾರಣ, ಕ್ಷಮಾಪಣೆ, ಮನೆಯ ಪರಿಸ್ಥಿತಿ ಏನೂ ಬೇಡ. ಕಳಿಸಿದ ಮೇಲನ್ನು ಅಳಿಸದೆ ಇಟ್ಟುಕೊಳ್ಳಿ. ಅದಾದ ಮೇಲೆ ‘ಬೇರೆಡೆ ಪರಿಶೀಲನೆಯಲ್ಲಿಲ್ಲ’ ಎಂಬ ಸಾಲು ನಿಜವಾಗುತ್ತದೆ.

‘ಎಲ್ಲಿಯೂ ಪ್ರಕಟವಾಗಿಲ್ಲ’ ಎಂಬುದಕ್ಕೆ ಬರೋಣ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಪ್ರಕಟಣೆ ಎಂದರೆ ಪ್ರತಿಗಳನ್ನು ಹಂಚುವುದು ಮಾತ್ರವಲ್ಲ, ಸಾರ್ವಜನಿಕರಿಗೆ ಯಾವುದೇ ರೀತಿಯಲ್ಲಿ ತಲುಪಿಸುವುದೂ ಪ್ರಕಟಣೆಯೇ. ಹೀಗಾಗಿ ಪೂರ್ತಿ ಕತೆಯನ್ನು ಫೇಸ್‌ಬುಕ್ಕಿನಲ್ಲೋ ಪ್ರತಿಲಿಪಿಯಲ್ಲೋ ಎಲ್ಲರಿಗೂ ಕಾಣುವಂತೆ ಹಾಕಿದ್ದರೆ ಅದು ಅಪ್ರಕಟಿತ ಅಲ್ಲ. ಎರಡು ಪ್ಯಾರಾ ಹಾಕಿದ್ದನ್ನು ಹೆಚ್ಚಿನ ಸಂಪಾದಕರು ತಲೆಗೆ ಹಚ್ಚಿಕೊಳ್ಳುವುದಿಲ್ಲ. ಆದರೂ ಒಂದು ಸಾಲಿನಲ್ಲಿ ತಿಳಿಸಿಬಿಡಿ, ಪೋಸ್ಟನ್ನು ತೆಗೆದೂಬಿಡಿ. ನಾಲ್ಕೈದು ಜನರ ವಾಟ್ಸ್ಯಾಪ್ ಗುಂಪಿನಲ್ಲಿ ಅಭಿಪ್ರಾಯ ಕೇಳಿ ಹಂಚಿಕೊಂಡದ್ದನ್ನು ಯಾರೂ ಪ್ರಕಟಣೆ ಅನ್ನುವುದಿಲ್ಲ. ಆಕಾಶವಾಣಿಯಲ್ಲಿ ಓದಿದ ಕತೆಯಾದರೆ ಹೇಳಿಯೇ ಕಳಿಸಬೇಕು. ಕೆಲವು ಪತ್ರಿಕೆಗಳು ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ಜನ ಹೆಚ್ಚಾಗಿ ಮರೆಯುವುದು ಕಾಲೇಜಿನ ವಾರ್ಷಿಕ ಸಂಚಿಕೆ ಮತ್ತು ಸಂಘದ ಸ್ಮರಣ ಸಂಚಿಕೆಗಳನ್ನು. ಇನ್ನೂರು ಪ್ರತಿ ಅಚ್ಚಾಗಿ ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದರೂ ಅದು ಅಚ್ಚೇ.

‘ಸ್ವಂತ ರಚನೆ’ ಎಂಬ ಮಾತಿಗೆ ಈಗ ಇನ್ನೊಂದು ಭಾರ ಬಂದಿದೆ. ಮೊದಲು ಅದರ ಗುರಿ ಬಂಗಾಳಿಯದೋ ಇಂಗ್ಲಿಷಿನದೋ ಕತೆಯನ್ನು ಹೆಸರು ಬದಲಿಸಿ ತಮ್ಮದೆನ್ನುವವರು. ಈಗ ಯಂತ್ರದಿಂದ ಬರೆಸಿ ಕಳಿಸುವವರೂ ಸೇರಿದ್ದಾರೆ. ಅಮೆರಿಕದ ‘ಕ್ಲಾರ್ಕ್ಸ್‌ವರ್ಲ್ಡ್’ ಎಂಬ ವೈಜ್ಞಾನಿಕ ಕಥಾಪತ್ರಿಕೆ 2023ರ ಫೆಬ್ರವರಿಯಲ್ಲಿ ಯಂತ್ರ ಬರೆದ ಕತೆಗಳ ಪ್ರವಾಹ ತಡೆಯಲಾರದೆ ಕೆಲಕಾಲ ಕತೆ ತೆಗೆದುಕೊಳ್ಳುವುದನ್ನೇ ನಿಲ್ಲಿಸಬೇಕಾಯಿತು. ನಿಮಗೆ ಇದರ ಚಿಂತೆ ಇಲ್ಲ. ನೋಟ್‌ಬುಕ್ಕುಗಳನ್ನು ರದ್ದಿಗೆ ಹಾಕದೆ ಇಟ್ಟುಕೊಳ್ಳಿ, ಅಷ್ಟೆ.

ಇನ್ನು ಮುಖ್ಯ ಸಾಲು. ಕತೆ ಬರೆದು ಮುಗಿಸಿದ ಗಳಿಗೆಯಲ್ಲೇ ಅದರ ಕೃತಿಸ್ವಾಮ್ಯ ನಿಮ್ಮದಾಗಿದೆ. ಅದಕ್ಕೆ ನೋಂದಣಿ ಬೇಕಿಲ್ಲ, ಮುದ್ರೆ ಬೇಕಿಲ್ಲ. ದೆಹಲಿಯ ಕಾಪಿರೈಟ್ ಕಚೇರಿಯಲ್ಲಿ ನೋಂದಾಯಿಸಲು ಅವಕಾಶವಿದೆ, ವ್ಯಾಜ್ಯ ಬಂದಾಗ ಅದು ಪುರಾವೆಯಾಗುತ್ತದೆ, ಆದರೆ ಕಡ್ಡಾಯವಲ್ಲ. ಈ ಸ್ವಾಮ್ಯ ನಿಮ್ಮ ಜೀವಿತಾವಧಿ ಪೂರ್ತಿ, ಆಮೇಲೆ ನಿಮ್ಮ ವಾರಸುದಾರರಿಗೆ 60 ವರ್ಷ. ಪತ್ರಿಕೆಯಲ್ಲಿ ಸಂಬಳಕ್ಕಿರುವ ಸಿಬ್ಬಂದಿ ಕೆಲಸದ ಭಾಗವಾಗಿ ಬರೆದದ್ದಕ್ಕೆ ಲೆಕ್ಕ ಬೇರೆ. ಪತ್ರಿಕೆಗಳಲ್ಲಿ ಪ್ರಕಟಿಸುವ ಮಟ್ಟಿಗೆ ಅದರ ಒಡೆತನ ಮಾಲೀಕರದು. ನೀವು ಹೊರಗಿನವರು, ನಿಮಗದು ಅನ್ವಯಿಸುವುದಿಲ್ಲ. ಪತ್ರಿಕೆಯ ಕೊನೆಯ ಪುಟದ ಬುಡದಲ್ಲಿ ‘ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ’ ಎಂದು ಅಚ್ಚಾಗಿರುತ್ತದಲ್ಲ, ಅದನ್ನು ನೋಡಿಯೂ ಗಾಬರಿಯಾಗಬೇಡಿ. ಅದು ಸಂಚಿಕೆಯನ್ನು ಬೇರೆಯವರು ನಕಲು ಮಾಡದಂತೆ ಹಾಕಿದ ಬೇಲಿ. ನಿಮ್ಮ ಹಕ್ಕು ಆ ಸಾಲಿನಿಂದ ಎಲ್ಲಿಗೂ ಹೋಗುವುದಿಲ್ಲ. ಹೋಗುವುದು ನೀವು ಬರೆದು ಸಹಿ ಹಾಕಿ ಕೊಟ್ಟಾಗ ಮಾತ್ರ. ಇದನ್ನು ಹೇಳುವುದು ಕಾಯ್ದೆಯ 19ನೇ ಕಲಂ. ಆದ್ದರಿಂದಲೇ ನಿಮ್ಮ ಕೈಯಲ್ಲಿರುವ ದೃಢೀಕರಣ ಪತ್ರ ಬರೀ ಕಚೇರಿಯ ಔಪಚಾರಿಕ ಕಾಗದ ಅಲ್ಲ.

ಹಕ್ಕು ಎಂಬುದೂ ಒಂದಲ್ಲ. ಪತ್ರಿಕೆಯಲ್ಲಿ ಮೊದಲು ಪ್ರಕಟಿಸುವುದು, ಪುಸ್ತಕದಲ್ಲಿ ಸೇರಿಸುವುದು, ಬೇರೆ ಭಾಷೆಗೆ ತರುವುದು, ನಾಟಕ ಮಾಡುವುದು, ಸಿನಿಮಾ ತೆಗೆಯುವುದು, ಧ್ವನಿಮುದ್ರಿಸಿ ಆಡಿಯೋ ಪುಸ್ತಕ ಮಾಡುವುದು, ಪ್ರತಿಯೊಂದೂ ಬೇರೆ ಬೇರೆ. ಒಂದನ್ನು ಕೊಟ್ಟು ಉಳಿದದ್ದನ್ನು ಇಟ್ಟುಕೊಳ್ಳಬಹುದು. ಕೊಡುವುದರಲ್ಲೂ ಎರಡು ಬಗೆ. ‘ಪ್ರಕಟಿಸಲು ಅನುಮತಿ ನೀಡಿದ್ದೇನೆ’ ಎಂದರೆ ಮನೆಯನ್ನು ಬಾಡಿಗೆಗೆ ಕೊಟ್ಟಂತೆ. ‘ಹಕ್ಕುಗಳನ್ನು ಬಿಟ್ಟುಕೊಟ್ಟಿದ್ದೇನೆ’ ಎಂದರೆ ಕ್ರಯಪತ್ರ. ಸಾಹಿತ್ಯಪತ್ರಿಕೆಗೆ ಬೇಕಾಗುವುದು ಬಾಡಿಗೆಯಷ್ಟೇ: ನಮ್ಮಲ್ಲೇ ಮೊದಲು ಬರಲಿ, ನಮ್ಮ ಇ-ಆವೃತ್ತಿಯಲ್ಲೂ ಜಾಲತಾಣದಲ್ಲೂ ಇರಲಿ, ಬೇಕಾದರೆ ನಮ್ಮ ವಾರ್ಷಿಕ ಆಯ್ಕೆಯ ಸಂಕಲನದಲ್ಲಿ ಸೇರಿಸಿಕೊಳ್ಳುವ ಅವಕಾಶವಿರಲಿ. ಇಷ್ಟು ಕೇಳಿದರೆ ಧಾರಾಳವಾಗಿ ಕೊಡಿ. ಇದಕ್ಕಿಂತ ಹೆಚ್ಚು ಕೇಳುವವರಲ್ಲಿ ಅರ್ಧ ಜನ ದುರಾಸೆಯಿಂದ ಕೇಳುವುದಿಲ್ಲ. ಯಾವ ಕಾಲದಲ್ಲೋ ಯಾರೋ ವಕೀಲರು ಬರೆದುಕೊಟ್ಟ ನಮೂನೆ ಕಂಪ್ಯೂಟರಿನಲ್ಲಿ ಉಳಿದುಕೊಂಡಿರುತ್ತದೆ, ಅದನ್ನೇ ಎಲ್ಲರಿಗೂ ಕಳಿಸುತ್ತಾರೆ. ಕೇಳಿದರೆ ಎಷ್ಟೋ ಸಲ ತಕರಾರಿಲ್ಲದೆ ತಿದ್ದಿಕೊಡುತ್ತಾರೆ.

ಕೇಳದೆ ಸಹಿ ಹಾಕಿದರೆ ಏನಾಗುತ್ತದೆ ಎಂಬುದನ್ನು ನಿಮ್ಮ ವಿಷಯದಲ್ಲೇ ನೋಡಿ. ನಾಳೆ ಹತ್ತು ಹನ್ನೆರಡು ಕತೆ ಸೇರಿಸಿ ಮೊದಲ ಸಂಕಲನ ತರಬೇಕೆಂದರೆ ಈ ಕತೆಗೆ ನೀವೇ ಪತ್ರಿಕೆಯ ಒಪ್ಪಿಗೆ ಕೇಳಬೇಕಾಗಬಹುದು. ಗೆಳತಿಗೆ ಅನುವಾದಕ್ಕೆ ಅನುಮತಿ ಕೊಡುವ ಅಧಿಕಾರವೂ ನಿಮ್ಮ ಬಳಿ ಇಲ್ಲವೆಂದು ಅವರು ವಾದಿಸಬಹುದು. ಕತೆಯ ಆಯುಷ್ಯ ಎಷ್ಟು, ಅದು ಎಲ್ಲೆಲ್ಲಿ ಹೋಗುತ್ತದೆ ಎಂದು ಬರೆದವರಿಗೇ ಗೊತ್ತಿರುವುದಿಲ್ಲ. ಬಾನು ಮುಷ್ತಾಕ್ ಅವರ ‘ಕರಿನಾಗರಗಳು’ ಕತೆ 2004ರಲ್ಲಿ ಗಿರೀಶ ಕಾಸರವಳ್ಳಿಯವರ ‘ಹಸೀನಾ’ ಸಿನಿಮಾ ಆಯಿತು. 1990ರಿಂದ 2023ರ ನಡುವೆ ಕನ್ನಡದಲ್ಲಿ ಪ್ರಕಟವಾದ ಅವರ 12 ಕತೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ ‘ಹಾರ್ಟ್ ಲ್ಯಾಂಪ್’ ಆಗಿ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪಡೆದವು. 50,000 ಪೌಂಡಿನ ಆ ಬಹುಮಾನ ಲೇಖಕಿಗೂ ಅನುವಾದಕಿಗೂ ಸಮಪಾಲು. ಎಲ್ಲ ಕತೆಗೂ ಬೂಕರ್ ಬರುವುದಿಲ್ಲ, ಬಿಡಿ. ಆದರೆ ಅನುವಾದದ ಹಕ್ಕು, ಸಿನಿಮಾ ಹಕ್ಕು ಎಂಬವು ಕಾಗದದ ಮೇಲಿನ ಅಲಂಕಾರ ಅಲ್ಲ. ಮೂವತ್ತು ವರ್ಷಗಳ ನಂತರವೂ ಯಾರಾದರೂ ಬಾಗಿಲು ಬಡಿಯಬಹುದು, ಆಗ ತೆರೆಯುವವರು ನೀವಾಗಿರಬೇಕು.

ಕಾಯ್ದೆ ನಿಮ್ಮನ್ನು ಪೂರ್ತಿ ಕೈಬಿಟ್ಟಿಲ್ಲ ಎಂಬುದನ್ನೂ ಹೇಳಬೇಕು. ಹಕ್ಕು ವರ್ಗಾಯಿಸುವ ಪತ್ರದಲ್ಲಿ ಯಾವ ಕೃತಿ, ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶ, ಎಷ್ಟು ಹಣ ಎಂಬುದೆಲ್ಲ ಇರಬೇಕು ಎಂದು ಅದೇ 19ನೇ ಕಲಂ ಹೇಳುತ್ತದೆ. ಅವಧಿ ಬರೆಯದಿದ್ದರೆ ಐದೇ ವರ್ಷ ಎಂದು ಲೆಕ್ಕ. ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಹಕ್ಕು ಪಡೆದವರು ಒಂದು ವರ್ಷದೊಳಗೆ ಬಳಸದಿದ್ದರೆ, ಪತ್ರದಲ್ಲಿ ಬೇರೆ ರೀತಿ ಬರೆದಿಲ್ಲವಾದರೆ, ಆ ಹಕ್ಕು ಸತ್ತಂತೆ. ಆಯ್ಕೆಯಾಗಿಯೂ ವರ್ಷಗಟ್ಟಲೆ ಕಡತದಲ್ಲಿ ಕೂತಿರುವ ಕತೆಗಳ ಒಡೆಯರು ಇದನ್ನು ನೆನಪಿಡಬೇಕು. 2012ರ ತಿದ್ದುಪಡಿ ಇನ್ನೊಂದು ರಕ್ಷಣೆ ಸೇರಿಸಿತು. ಸಹಿ ಹಾಕಿದ ದಿನ ಇರದಿದ್ದ ಅಥವಾ ವಾಣಿಜ್ಯ ಬಳಕೆಗೆ ಬಂದಿರದಿದ್ದ ಮಾಧ್ಯಮಕ್ಕೆ, ಪತ್ರದಲ್ಲಿ ಅದರ ಹೆಸರು ಹೇಳಿಲ್ಲದಿದ್ದರೆ, ವರ್ಗಾವಣೆ ಅನ್ವಯಿಸುವುದಿಲ್ಲ. ನಿಮ್ಮ ದೃಢೀಕರಣದ ಬೋಳು ವಾಕ್ಯದಲ್ಲಿ ಕಾಲವೂ ಇಲ್ಲ, ಪ್ರದೇಶವೂ ಇಲ್ಲ, ಹಣವೂ ಇಲ್ಲ. ಹಾಗಾಗಿ ಅದಕ್ಕೆ ಸಹಿ ಬಿದ್ದರೂ ಆಕಾಶ ಕಳಚಿ ಬೀಳುವುದಿಲ್ಲ. ಆದರೂ ಈ ಕಲಮುಗಳನ್ನು ನೆಚ್ಚಿ ಸಹಿ ಹಾಕಬೇಡಿ. ಅವು ನೆರವಿಗೆ ಬರುವುದು ಜಗಳ ಶುರುವಾದ ಮೇಲೆ.

ಇಲ್ಲೇ ನಿಮ್ಮ ಮನೆಯವರ ಮಾತಿಗೂ ಉತ್ತರವಿದೆ. ಒಂದು ಕತೆಗಾಗಿ ಯಾರೂ ಕೋರ್ಟಿಗೆ ಹೋಗುವುದಿಲ್ಲ, ಅವರು ಹೇಳಿದ್ದು ನಿಜ. ಹೋಗಲು ದುಡ್ಡಿಲ್ಲ, ಪುರುಸೊತ್ತಿಲ್ಲ. ಹಾಗಿರುವುದರಿಂದಲೇ ಕಾಗದ ಮೊದಲೇ ಸರಿಯಿರಬೇಕು.

ಸಂಪಾದಕರಿಗೆ ಬರೆಯುವುದು ಹೇಗೆ ಎಂಬ ಹಿಂಜರಿಕೆ ನಿಮಗಿದೆ. ಈ ಧಾಟಿಯಲ್ಲಿ ಬರೆಯಿರಿ: ‘ಕತೆಯನ್ನು ಆಯ್ಕೆ ಮಾಡಿದ್ದಕ್ಕೆ ವಂದನೆಗಳು. ದೃಢೀಕರಣ ಪತ್ರ ನೋಡಿದೆ. ಕತೆ ನನ್ನ ಸ್ವಂತದ್ದು, ಬೇರೆಡೆ ಪರಿಶೀಲನೆಯಲ್ಲಿಲ್ಲ. ಮೊದಲ ಎರಡು ಪ್ಯಾರಾಗಳನ್ನು ಫೇಸ್‌ಬುಕ್ಕಿನಲ್ಲಿ ಹಾಕಿದ್ದೆ, ಈಗ ತೆಗೆದಿದ್ದೇನೆ. ಹಕ್ಕುಗಳ ಸಾಲನ್ನು ಹೀಗೆ ಬದಲಿಸಿ ಸಹಿ ಮಾಡಬಹುದೇ: ಈ ಕತೆಯನ್ನು ತಮ್ಮ ಪತ್ರಿಕೆಯ ಮುದ್ರಿತ ಹಾಗೂ ಡಿಜಿಟಲ್ ಆವೃತ್ತಿಯಲ್ಲಿ ಮೊದಲು ಪ್ರಕಟಿಸಲು ಅನುಮತಿ ನೀಡಿದ್ದೇನೆ. ಕೃತಿಸ್ವಾಮ್ಯ ಹಾಗೂ ಪುಸ್ತಕ, ಅನುವಾದ, ಆಡಿಯೋ, ದೃಶ್ಯರೂಪದ ಹಕ್ಕುಗಳು ಲೇಖಕಿಯಲ್ಲೇ ಉಳಿಯುತ್ತವೆ. ಮುಂದೆ ಎಲ್ಲಿ ಪ್ರಕಟವಾದರೂ ತಮ್ಮ ಪತ್ರಿಕೆಯ ಹೆಸರನ್ನು ಕೃತಜ್ಞತೆಯಿಂದ ನಮೂದಿಸುತ್ತೇನೆ.’ ಕೊನೆಯ ವಾಕ್ಯವನ್ನು ಬಿಡಬೇಡಿ. ಯಾವ ಕಥಾಸಂಕಲನ ತೆರೆದರೂ ಮೊದಲ ಪುಟಗಳಲ್ಲಿ ಕತೆಗಳನ್ನು ಪ್ರಕಟಿಸಿದ ಪತ್ರಿಕೆಗಳ ನೆನಕೆ ಇರುತ್ತದೆ, ಅದು ನಮ್ಮ ಸಂಪ್ರದಾಯ. ಇದರಲ್ಲಿ ಜಂಬ ಎಲ್ಲಿದೆ? ನಿಯಮ ಓದಿ, ಅರ್ಥಮಾಡಿಕೊಂಡು, ಒಂದು ಸಾಲು ತಿದ್ದಲು ಕೇಳುವ ಲೇಖಕಿಯನ್ನು ಒಳ್ಳೆಯ ಸಂಪಾದಕರು ಗೌರವದಿಂದಲೇ ಕಾಣುತ್ತಾರೆ. ಒಂದು ಮಾತು ಕೇಳಿದ್ದಕ್ಕೇ ಕತೆಯನ್ನು ಕೈಬಿಡುವವರಿದ್ದರೆ ಅವರ ಬಳಿ ಕತೆ ಇಲ್ಲದಿರುವುದೇ ಕ್ಷೇಮ.

ಅದೇ ಪತ್ರದಲ್ಲಿ ಸಂಭಾವನೆಯನ್ನೂ ಕೇಳಿ. ‘ಗೌರವ ಸಂಭಾವನೆ ಇದ್ದಲ್ಲಿ ಬ್ಯಾಂಕಿನ ವಿವರ ಯಾರಿಗೆ ಕಳಿಸಬೇಕು?’ ಎಂದರೆ ಸಾಕು. ದೊಡ್ಡ ಸಂಸ್ಥೆಗಳ ಪತ್ರಿಕೆಗಳಿಂದ ಪ್ರಕಟವಾದ ಮೇಲೆ ಹಣ ಬರುತ್ತದೆ. ಚಂದಾದಾರರ ಬಲದಲ್ಲಿ, ಸಂಪಾದಕರ ಜೇಬಿನಿಂದ ನಡೆಯುವ ಸಣ್ಣ ಪತ್ರಿಕೆಗಳಿಂದ ಬರುವುದು ಗೌರವ ಪ್ರತಿ ಮಾತ್ರ. ಕನ್ನಡದ ಒಳ್ಳೆಯ ಕತೆಗಳಲ್ಲಿ ಎಷ್ಟೋ ಇಂಥ ಸಣ್ಣ ಪತ್ರಿಕೆಗಳಲ್ಲೇ ಮೊದಲು ಬಂದವು, ಅವಕ್ಕೆ ಬಿಟ್ಟಿ ಬರೆಯುವುದರಲ್ಲಿ ಅವಮಾನವಿಲ್ಲ. ಬಿಟ್ಟಿ ಬರೆಸಿಕೊಂಡು ಮೇಲೆ ಎಲ್ಲ ಹಕ್ಕನ್ನೂ ಕೇಳಿದರೆ ಮಾತ್ರ ಅದು ಅನ್ಯಾಯ.

‘ತಕರಾರು ಬಂದರೆ ನಾನೇ ಹೊಣೆ’ ಎಂಬ ಸಾಲಿಗೆ ಹೆದರಬೇಡಿ, ಆದರೆ ಒಮ್ಮೆ ಕತೆಯನ್ನು ಆ ಕಣ್ಣಿನಿಂದ ಓದಿ. ಮುಖ್ಯೋಪಾಧ್ಯಾಯರ ಪಾತ್ರ ಬರೆದು, ಅವರ ಊರು, ಮೀಸೆ, ಸ್ಕೂಟರಿನ ಬಣ್ಣ ಎಲ್ಲವನ್ನೂ ಇದ್ದಂತೆಯೇ ಇಟ್ಟು ಹೆಸರೊಂದನ್ನು ಬದಲಿಸಿದ್ದರೆ, ಇಡೀ ಊರಿಗೆ ಅದು ಯಾರೆಂದು ಗೊತ್ತಾಗುತ್ತದೆ. ಅಂಥದ್ದೇನಾದರೂ ಇದ್ದರೆ ಸಹಿಗೆ ಮುಂಚೆ ತಿದ್ದಿ.

ಈಗ ನಿಮ್ಮ ಪಾತ್ರಗಳ ಮಾತಿನ ಪ್ರಶ್ನೆ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಇದೇ. ಕಾಯ್ದೆಯ 57ನೇ ಕಲಂ ಲೇಖಕರಿಗೆ ಎರಡು ವಿಶೇಷ ಹಕ್ಕು ಕೊಡುತ್ತದೆ: ಕೃತಿ ತನ್ನದೆಂದು ಹೇಳಿಕೊಳ್ಳುವುದು, ಮತ್ತು ತನ್ನ ಮರ್ಯಾದೆಗೆ ಕುಂದಾಗುವಂತೆ ಅದನ್ನು ವಿರೂಪಗೊಳಿಸಿದರೆ ತಡೆಯುವುದು. ಕೃತಿಸ್ವಾಮ್ಯ ಮಾರಿದ ಮೇಲೂ ಇವು ಉಳಿಯುತ್ತವೆ. ಹಿಂದಿ ಲೇಖಕಿ ಮನ್ನೂ ಭಂಡಾರಿ ತಮ್ಮ ‘ಆಪ್ ಕಾ ಬಂಟಿ’ ಕಾದಂಬರಿಯನ್ನು ಸಿನಿಮಾದವರು ತಿರುಚಿದರೆಂದು ಕೋರ್ಟಿಗೆ ಹೋದಾಗ, 1986ರಲ್ಲಿ ದೆಹಲಿ ಹೈಕೋರ್ಟ್ ಈ ಕಲಮನ್ನೇ ಎತ್ತಿಹಿಡಿಯಿತು. ಕರಾರಿನಲ್ಲಿ ಏನೇ ಬರೆದಿದ್ದರೂ ಲೇಖಕರ ಈ ಹಕ್ಕು ಅದಕ್ಕಿಂತ ಮೇಲು ಎಂಬುದು ಅದರ ಸಾರ. ಆದರೆ ‘ಎಲ್ಲಿಗೆ ಹೊಂಟಿ?’ ಎಂಬುದನ್ನು ‘ಎಲ್ಲಿಗೆ ಹೊರಟಿದ್ದೀಯ?’ ಎಂದು ತಿದ್ದಿದರೆ ಅದು 57ನೇ ಕಲಮಿನ ವಿರೂಪವಾಗುತ್ತದೆಯೇ? ಕೋರ್ಟಿನಲ್ಲಿ ಬಹುಶಃ ಇಲ್ಲ. ಕತೆಗೆ ಮಾತ್ರ ಖಂಡಿತ ಹೌದು. ಅಗಸಿ ಕಟ್ಟೆಯ ಮೇಲೆ ಕೂತ ಅಜ್ಜಿ ಆಕಾಶವಾಣಿಯ ವಾರ್ತೆಯ ಹಾಗೆ ಮಾತಾಡತೊಡಗಿದರೆ ಅವಳು ನಿಮ್ಮ ಅಜ್ಜಿ ಅಲ್ಲವೇ ಅಲ್ಲ.

ಇದಕ್ಕೆ ಕಾನೂನಿಗಿಂತ ಒಂದು ಫೋನು ವಾಸಿ. ನಿರೂಪಣೆಯಲ್ಲಿ ಕಾಗುಣಿತ, ವಾಕ್ಯ, ಉದ್ದ ತಿದ್ದಲು ಒಪ್ಪಿ. ಸಂಪಾದಕರ ಕತ್ತರಿಯಿಂದ ಎಷ್ಟೋ ಕತೆ ಉದ್ಧಾರವಾಗಿವೆ, ಶೀರ್ಷಿಕೆಯಂತೂ ಅವರು ಕೊಟ್ಟದ್ದೇ ಹಲವು ಸಲ ಚೆನ್ನಾಗಿರುತ್ತದೆ. ಸಂಭಾಷಣೆಯನ್ನು ಮಾತ್ರ ಇದ್ದಂತೆ ಬಿಡಿ ಎಂದು ಸ್ಪಷ್ಟವಾಗಿ ಕೇಳಿ. ದೊಡ್ಡ ಬದಲಾವಣೆ ಇದ್ದರೆ ಅಚ್ಚಿಗೆ ಮುಂಚೆ ಪುಟದ ಪಿಡಿಎಫ್ ಕಳಿಸಲು ವಿನಂತಿಸಿ. ಬೆಂಗಳೂರಿನ ಡೆಸ್ಕಿನಲ್ಲಿ ಕೂತ ಉಪಸಂಪಾದಕರಿಗೆ ಯಾವುದು ಆಡುಮಾತು, ಯಾವುದು ನಿಮ್ಮ ಟೈಪಿಂಗ್ ತಪ್ಪು ಎಂದು ತಿಳಿಯದೆ ತಿದ್ದುವುದೇ ಹೆಚ್ಚು. ಅಪರೂಪದ ನಾಲ್ಕಾರು ಪದಗಳ ಪಟ್ಟಿ ಮಾಡಿ ‘ಇವು ಉದ್ದೇಶಪೂರ್ವಕ’ ಎಂದು ಬರೆದರೆ ಅವರಿಗೂ ಉಪಕಾರ.

ಅಮೆರಿಕದ ಪತ್ರಿಕೆಯ ಪಟ್ಟಿಗೆ ಬರುತ್ತೇನೆ. ಅಲ್ಲಿಯ ಪದ್ಧತಿ ನಮ್ಮದಕ್ಕೆ ತದ್ವಿರುದ್ಧ. ‘ಸೈಮಲ್ಟೇನಿಯಸ್ ಸಬ್‌ಮಿಷನ್’ ಎಂದರೆ ಒಂದೇ ಬರಹ ಏಕಕಾಲಕ್ಕೆ ಹಲವು ಪತ್ರಿಕೆಗಳಲ್ಲಿರುವುದು. ಅಲ್ಲಿ ಬಹಳಷ್ಟು ಸಾಹಿತ್ಯಪತ್ರಿಕೆಗಳು ಇದನ್ನು ಒಪ್ಪುತ್ತವೆ. ಒಂದು ಕಡೆ ಆಯ್ಕೆಯಾದ ಕೂಡಲೇ ಉಳಿದವರಿಗೆ ತಿಳಿಸಬೇಕು, ಅಷ್ಟೇ ಷರತ್ತು. ‘ಮಲ್ಟಿಪಲ್ ಸಬ್‌ಮಿಷನ್’ ಬೇರೆ: ಒಬ್ಬರೇ ಒಂದೇ ಪತ್ರಿಕೆಗೆ ಹಲವು ಬರಹ ಕಳಿಸುವುದು. ಇವೆರಡನ್ನು ಅದಲುಬದಲು ಮಾಡಿಕೊಳ್ಳುವವರು ಬಹಳ. ‘ಸೀರಿಯಲ್’ ಇಲ್ಲಿ ಧಾರಾವಾಹಿ ಅಲ್ಲ, ನಿಯತಕಾಲಿಕ. ಉತ್ತರ ಅಮೆರಿಕದ ಪತ್ರಿಕೆಗಳ ಪೈಕಿ ಮೊದಲು ಪ್ರಕಟಿಸುವ ಹಕ್ಕು ತಮಗಿರಲಿ ಎಂಬುದು ಆ ಉದ್ದದ ಹೆಸರಿನ ಅರ್ಥ. ಪ್ರಕಟವಾದ ಮೇಲೆ ಉಳಿದೆಲ್ಲ ಹಕ್ಕು ಲೇಖಕರಿಗೇ. ಹಾಗೆ ಬಿಡಿಸಿ ಬರೆಯುವ ಪತ್ರಿಕೆಯನ್ನು ನಂಬಬಹುದು. ‘ರೀಪ್ರಿಂಟ್’ ಎಂದರೆ ಈಗಾಗಲೇ ಪ್ರಕಟವಾದದ್ದನ್ನು ಮತ್ತೆ ಹಾಕುವುದು. ಕನ್ನಡದಲ್ಲಿ ಬಂದ ಕತೆಯ ಮೊದಲ ಇಂಗ್ಲಿಷ್ ಅನುವಾದವನ್ನು ಸಾಮಾನ್ಯವಾಗಿ ಆ ಗುಂಪಿಗೆ ಸೇರಿಸುವುದಿಲ್ಲ, ಆದರೆ ಮೂಲ ಎಲ್ಲಿ, ಯಾವಾಗ ಪ್ರಕಟವಾಯಿತೆಂದು ತಿಳಿಸಬೇಕು.

ಅಲ್ಲಿಯವರು ಇಷ್ಟು ಬಿಡಿಸಿ ಬರೆಯಲು ಕಾರಣ ಅಲ್ಲಿಯ ಕಾನೂನು. ಬರಹದಲ್ಲಿ ಸ್ಪಷ್ಟವಾಗಿ ಕೊಡದಿದ್ದರೆ ಪತ್ರಿಕೆಗೆ ಆ ಸಂಚಿಕೆಯ ಭಾಗವಾಗಿ ಅಚ್ಚುಹಾಕುವ ಅವಕಾಶವಷ್ಟೇ ಇರುತ್ತದೆ. ನ್ಯೂಯಾರ್ಕ್ ಟೈಮ್ಸ್ ಮುಂತಾದವರು ಹವ್ಯಾಸಿ ಬರಹಗಾರರ ಲೇಖನಗಳನ್ನು ಕೇಳದೆಯೇ ಕಂಪ್ಯೂಟರ್ ದತ್ತಾಂಶ ಸಂಗ್ರಹಗಳಿಗೆ ಕೊಟ್ಟಾಗ ಜೋನಾಥನ್ ಟಸೀನಿ ಮತ್ತಿತರರು ಕೋರ್ಟಿಗೆ ಹೋದರು. 2001ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಬರಹಗಾರರ ಪರ ತೀರ್ಪು ಕೊಟ್ಟಿತು. ಅಲ್ಲಿಂದೀಚೆಗೆ ಡಿಜಿಟಲ್ ಹಕ್ಕನ್ನು ಬೇರೆಯಾಗಿ ಬರೆಸಿಕೊಳ್ಳುವ ಎಚ್ಚರ ಪ್ರಕಾಶಕರಿಗೆ ಇನ್ನೂ ಹೆಚ್ಚಿತು.

ಮೂರು ಡಾಲರ್ ಶುಲ್ಕ ಪರಿಶೀಲನೆಯ ಖರ್ಚಿಗೆ. ಹೆಸರಿರುವ ಪತ್ರಿಕೆಗಳೂ ಇದನ್ನು ತೆಗೆದುಕೊಳ್ಳುತ್ತವೆ, ಮೋಸವಲ್ಲ. ಆದರೆ ಶುಲ್ಕವಿಲ್ಲದ ಒಳ್ಳೆಯ ಪತ್ರಿಕೆಗಳೂ ಬೇಕಾದಷ್ಟಿವೆ, ಗೆಳತಿ ಅಲ್ಲಿಂದ ಶುರುಮಾಡಲಿ. ಓದುವುದಕ್ಕೆ ಶುಲ್ಕ ಬೇರೆ, ಪ್ರಕಟಿಸುವುದಕ್ಕೆ ಶುಲ್ಕ ಬೇರೆ. ಎರಡನೆಯದನ್ನು ಯಾವ ಭಾಷೆಯಲ್ಲೂ ಕೊಡಬೇಡಿ. ನಮ್ಮಲ್ಲಿ ಈಗ ‘ನಿಮ್ಮ ಕವನ ಆಯ್ಕೆಯಾಗಿದೆ, ಇಷ್ಟು ಹಣ ಕಟ್ಟಿ, ಸಂಕಲನದ ಎರಡು ಪ್ರತಿ, ಪ್ರಮಾಣಪತ್ರ, ಶಾಲು, ಬಿರುದು’ ಎಂಬ ಸಂದೇಶಗಳು ಓಡಾಡುತ್ತಿವೆ. ಅಲ್ಲಿ ಆಯ್ಕೆಯಾಗುವುದು ಕವನ ಅಲ್ಲ, ಕವಿಯ ಗೂಗಲ್ ಪೇ.

ಗೆಳತಿಯ ಜೊತೆಗೂ ಒಂದು ಕಾಗದ ಮಾಡಿಕೊಳ್ಳಿ. ಗೆಳೆತನದಲ್ಲಿ ಎಂಥ ಕಾಗದ ಅನ್ನಬೇಡಿ, ಆ ಪತ್ರಿಕೆಯೇ ಮೂಲ ಲೇಖಕರ ಅನುಮತಿ ಇದೆಯೇ ಎಂದು ಕೇಳೀತು. ಅನುವಾದಕ್ಕೆ ಅನುಮತಿ ಕೊಡುವ ಹಕ್ಕು ನಿಮ್ಮದು, ಆಕೆ ಮಾಡಿದ ಅನುವಾದದ ಕೃತಿಸ್ವಾಮ್ಯ ಆಕೆಯದು. ಯಾವ ಕತೆ, ಯಾವ ಭಾಷೆ, ಎಷ್ಟು ಕಾಲ, ಬಂದ ಹಣ ಹೇಗೆ ಹಂಚಿಕೆ, ಇಬ್ಬರ ಹೆಸರೂ ಅಚ್ಚಾಗಬೇಕು. ಅರ್ಧ ಪುಟ ಸಾಕು. ಆಕೆಗೆ ಇದನ್ನು ಕೊಡಲು ನಿಮ್ಮ ಬಳಿ ಅನುವಾದದ ಹಕ್ಕು ಉಳಿದಿರಬೇಕು, ಅಂದರೆ ಇಲ್ಲಿಯ ದೃಢೀಕರಣ ಪತ್ರದ ಆ ಸಾಲು ಮೊದಲು ತಿದ್ದುಪಡಿಯಾಗಬೇಕು. ಅಲ್ಲಿಯವರೆಗೆ ಅನುವಾದ ನಡೆಯಲಿ, ಕಳಿಸುವುದು ಬೇಡ.

ಸ್ಪರ್ಧೆಗೆ ಇವತ್ತೇ ಬರೆಯಿರಿ. ಸಂಪಾದಕರಿಗೆ ನಾಳೆ. ಒಂದು ವಾರದಲ್ಲಿ ಉತ್ತರ ಬಾರದಿದ್ದರೆ ಪತ್ರಿಕೆಯ ಕಚೇರಿಗೆ ಮಧ್ಯಾಹ್ನ ಊಟದ ನಂತರ ಫೋನ್ ಮಾಡಿ, ಸಂಚಿಕೆ ಅಚ್ಚಿಗೆ ಹೋಗುವ ದಿನ ಯಾವುದೆಂದು ಕೇಳಿಕೊಂಡು ಆ ದಿನವೊಂದನ್ನು ಬಿಟ್ಟು.